ಕೀಲಿ ತಿರುಗಿಸುವುದು ಎಂಟನೆಯ ಕೆಲಸ: ವರ್ಷಗಟ್ಟಲೆ ನಿಂತ ಕಾರನ್ನು ಮತ್ತೆ ಓಡಿಸುವ ಕ್ರಮ

“ಕಾರು ಐದು ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿಬಿಡಬಹುದಲ್ಲವೇ?” ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬರದು ಮೂರು ವರ್ಷ, ಇನ್ನೊಬ್ಬರದು ಹನ್ನೆರಡು ವರ್ಷ; ಅವಸರ ಮಾತ್ರ ಎಲ್ಲರದೂ ಒಂದೇ. ನನ್ನ ಉತ್ತರವೂ ಒಂದೇ: ದಯವಿಟ್ಟು ಮಾಡಬೇಡಿ. ಒಂದೊಂದು ಸಲ ಎಂಜಿನ್ ಸ್ಟಾರ್ಟ್ ಆಗಿಯೂ ಬಿಡುತ್ತದೆ. ತೊಂದರೆ ಇರುವುದು ಅಲ್ಲೇ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ಉಜ್ಜುತ್ತದೆ, ಟ್ಯಾಂಕಿನ ತಳದ ತುಕ್ಕು ಇಂಧನದ ದಾರಿಯುದ್ದಕ್ಕೂ ಹರಡುತ್ತದೆ, ಮುಪ್ಪಾದ ಟೈಮಿಂಗ್ ಬೆಲ್ಟ್ ಹರಿದು ವಾಲ್ವ್‌ಗಳು ಬಾಗುತ್ತವೆ. ಹತ್ತು ಸೆಕೆಂಡಿನ ಸಂತೋಷಕ್ಕೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ ಗಂಟುಬೀಳುತ್ತದೆ.

ಇಲ್ಲಿ ಒಂಬತ್ತು ಹಂತಗಳಿವೆ. ಕೀಲಿ ಬರುವುದು ಎಂಟನೆಯದರಲ್ಲಿ. ಕಾರು ನಿಂತು ಮೂರು ನಾಲ್ಕು ತಿಂಗಳಷ್ಟೇ ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಬ್ಯಾಟರಿ, ಟೈರಿನ ಗಾಳಿ, ಬ್ರೇಕ್ ನೋಡಿಕೊಂಡರೆ ಸಾಕು. ಒಂದು ವರ್ಷ ದಾಟಿದ್ದರೆ ಎಲ್ಲ ಹಂತಗಳನ್ನೂ ಮಾಡಿ. ಐದು ವರ್ಷ ದಾಟಿದ್ದರೆ ರಬ್ಬರಿನಿಂದ ಮಾಡಿದ ಯಾವ ಭಾಗವನ್ನೂ ನಂಬಬೇಡಿ.

ಶುರು ಮಾಡುವ ಮುನ್ನ

ಮೊದಲು ಈ ಕಾರು ನಿಮ್ಮ ಶ್ರಮಕ್ಕೆ ತಕ್ಕದ್ದೇ ಎಂಬುದನ್ನು ತೀರ್ಮಾನಿಸಿ. ಎಂಜಿನ್ ಕೆಟ್ಟಿದ್ದರೆ ದುರಸ್ತಿ ಇದೆ, ಗೇರ್‌ಬಾಕ್ಸ್ ಕೆಟ್ಟಿದ್ದರೂ ಇದೆ. ಆದರೆ ಕಾರಿನ ಅಸ್ಥಿಪಂಜರವೇ ತುಕ್ಕು ಹಿಡಿದಿದ್ದರೆ ಅದು ಬೇರೆಯೇ ಮಟ್ಟದ ಕೆಲಸ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಜೋಡಿಸಿರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್ ಕೂತಿರುವ ಜಾಗ, ಈ ಐದನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಟಣ್ ಎಂದರೆ ಸರಿ. ತುದಿ ಒಳಗೆ ಇಳಿದರೆ, ಬಣ್ಣದ ಕೆಳಗೆ ಉಳಿದಿರುವುದು ತುಕ್ಕಿನ ಪುಡಿ ಮಾತ್ರ. ಅಂಥ ಕಾರನ್ನು ಮೊದಲು ವೆಲ್ಡಿಂಗ್ ಬಲ್ಲವರಿಗೆ ತೋರಿಸಿ, ಆಮೇಲೆ ಉಳಿದ ಮಾತು.

ಕಾಗದಪತ್ರಗಳನ್ನೂ ಈಗಲೇ ತೆಗೆದು ನೋಡಿ. ನೋಂದಣಿ ಯಾರ ಹೆಸರಿನಲ್ಲಿದೆ, ಅದು ಊರ್ಜಿತವಾಗಿದೆಯೇ, ವಿಮೆ ಯಾವಾಗ ಮುಗಿದಿದೆ ಎಂಬುದು ಎಂಜಿನ್ ಬಿಚ್ಚಿದ ಮೇಲೆ ಗೊತ್ತಾಗಬಾರದು.

ಸಲಕರಣೆ ವಿಷಯ. ಸಾಕೆಟ್ ಸೆಟ್, ಪ್ಲಗ್ ಸ್ಪ್ಯಾನರ್, ಮಲ್ಟಿಮೀಟರ್, ಬ್ಯಾಟರಿ ಚಾರ್ಜರ್, ಕೈ ಪಂಪು, ಆಯಿಲ್ ಹಿಡಿಯಲು ಅಗಲವಾದ ತಟ್ಟೆ, ತುಕ್ಕು ಸಡಿಲಿಸುವ ಸ್ಪ್ರೇ, ಒಂದು ಒಳ್ಳೆಯ ಎಲ್‌ಇಡಿ ಟಾರ್ಚ್. ಇವುಗಳ ಜೊತೆ ಮೂರು ವಸ್ತುಗಳ ವಿಷಯದಲ್ಲಿ ರಾಜಿ ಬೇಡ: ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ, ಚಕ್ರಕ್ಕೆ ಕೊಡುವ ಅಡ್ಡಗಟ್ಟೆ, ಮತ್ತು ಜಾಕ್ ಸ್ಟ್ಯಾಂಡ್. ಜಾಕ್ ಇರುವುದು ಕಾರನ್ನು ಎತ್ತುವುದಕ್ಕೆ ಮಾತ್ರ. ಎತ್ತಿದ ಕಾರನ್ನು ಹೊರುವುದು ಸ್ಟ್ಯಾಂಡಿನ ಕೆಲಸ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಮುಂತಾದವು ಸುಳಿವೇ ಕೊಡದೆ ಒಡೆಯುತ್ತವೆ.

ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್, ಅಂದರೆ ಮೆಕ್ಯಾನಿಕ್‌ಗಳಿಗೆಂದೇ ತಯಾರಾದ ದುರಸ್ತಿ ಪುಸ್ತಕ ಸಿಕ್ಕರೆ ಅರ್ಧ ಗೆದ್ದಂತೆ. ಯಾವ ಆಯಿಲ್, ಎಷ್ಟು ಲೀಟರ್, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದಕ್ಕೆಲ್ಲ ಅದರ ಮಾತೇ ಕೊನೆಯದು. ಈ ಲೇಖನಕ್ಕೂ ಅದಕ್ಕೂ ಭಿನ್ನಾಭಿಪ್ರಾಯ ಬಂದರೆ ಅದನ್ನೇ ನಂಬಿ.

ಹಂತ 1: ಸುಮ್ಮನೆ ನೋಡಿ

ಕಾರನ್ನು ಅಲುಗಾಡಿಸುವ ಮೊದಲು ಅದು ನಿಂತಿರುವ ನೆಲವನ್ನು ನೋಡಿ. ಕಪ್ಪು ಕಲೆ ಎಂಜಿನ್ ಆಯಿಲಿನದು, ಕೆಂಪು ಛಾಯೆಯದು ಸಾಮಾನ್ಯವಾಗಿ ಪವರ್ ಸ್ಟೀರಿಂಗ್ ಅಥವಾ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಹಸಿರೋ ಗುಲಾಬಿಯೋ ಆಗಿ ಒಣಗಿದ ಪುಡಿಯಂಥ ಗುರುತು ಕೂಲೆಂಟಿನದು, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದ್ದು. ಚಕ್ರದ ಒಳಬದಿಯಲ್ಲಿ ಒದ್ದೆಯಿದ್ದರೆ ಅದು ಬ್ರೇಕಿನದು. ಎಲ್ಲಿಂದ ಏನು ಸೋರಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಾರು ಜಾಗ ಬಿಟ್ಟರೆ ಈ ನಕ್ಷೆ ಅಳಿಸಿಹೋಗುತ್ತದೆ.

ಬಾನೆಟ್ ಎತ್ತುವಾಗ ಮುಖ ದೂರ ಇರಲಿ. ನಿಂತ ಕಾರಿನಲ್ಲಿ ಕಣಜದ ಗೂಡು, ಹಾವು, ಇಲಿ ಸಂಸಾರ ಯಾವುದೂ ಅಪರೂಪವಲ್ಲ. ಇಲಿ ಬಹಳ ಇಷ್ಟಪಡುವ ಜಾಗ ಏರ್ ಫಿಲ್ಟರ್ ಡಬ್ಬಿ: ಬೆಚ್ಚಗಿದೆ, ಕತ್ತಲಿದೆ, ಹಾಸಿಗೆಗೆ ಫಿಲ್ಟರಿನ ಕಾಗದವೂ ಇದೆ. ನಾನೊಮ್ಮೆ ಆ ಡಬ್ಬಿ ತೆರೆಯದೆ ಎಂಜಿನ್ ತಿರುಗಿಸಿ, ಚೂರಾದ ಕಾಗದವನ್ನೂ ಹುಲ್ಲನ್ನೂ ಒಳಗಿನಿಂದ ಚಿಮಟದಲ್ಲಿ ಒಂದೊಂದಾಗಿ ಹೆಕ್ಕುತ್ತಾ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಎಸಿ ಬ್ಲೋವರ್, ಸೀಟಿನ ಅಡಿ, ಸೈಲೆನ್ಸರ್ ತುದಿ ಇವನ್ನೂ ನೋಡಿ. ವೈರುಗಳ ಮೇಲೆ ಹಲ್ಲಿನ ಗುರುತು ಕಂಡರೆ ಆ ವೈರನ್ನು ಕೊನೆಯವರೆಗೂ ಹಿಂಬಾಲಿಸಿ. ತಾಮ್ರ ಹೊರಬಿದ್ದ ಒಂದೇ ಜಾಗ ಸಾಕು, ಬ್ಯಾಟರಿ ಜೋಡಿಸಿದ ಕ್ಷಣ ಹೊಗೆ ಏಳುತ್ತದೆ.

ಇಲಿ ಹಿಕ್ಕೆಯನ್ನು ಒಣಗಿದ್ದ ಹಾಗೆಯೇ ಗುಡಿಸಬೇಡಿ, ವ್ಯಾಕ್ಯೂಮ್ ಕೂಡ ಬೇಡ. ಸೋಂಕುನಿವಾರಕ ಚಿಮುಕಿಸಿ, ನೆನೆದ ಮೇಲೆ ಕೈಗವಸು, ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿಗಳ ಮೂತ್ರ, ಹಿಕ್ಕೆಯ ಧೂಳಿನಿಂದ ಹರಡುವ ರೋಗಗಳು ತಮಾಷೆಯವಲ್ಲ.

ಹಂತ 2: ಬ್ಯಾಟರಿ

ಮೊದಲು ನೆಗೆಟಿವ್ ತಂತಿ ಬಿಚ್ಚಿ, ಆಮೇಲೆ ಪಾಸಿಟಿವ್. ಜೋಡಿಸುವಾಗ ಉಲ್ಟಾ. ಬ್ಯಾಟರಿಯನ್ನು ಹೊರಗೆ ತೆಗೆದು ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಸರಿಸುಮಾರು ಅರ್ಧ. 12ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿರುತ್ತದೆ, ಅದು ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ವರ್ಷಗಟ್ಟಲೆ ನಿಂತ ಕಾರಿನ ಬ್ಯಾಟರಿ ಬದುಕುವುದು ಕಡಿಮೆ.

ಪ್ರಯತ್ನಿಸಲೇಬೇಕು ಅನ್ನಿಸಿದರೆ ನಿಧಾನವಾಗಿ ಚಾರ್ಜ್ ಮಾಡಿ. ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಭಾಗ ಸುರಕ್ಷಿತ ವೇಗ: 40 ಇದ್ದರೆ 4 ಆಂಪಿಯರ್. ಡಿಸ್ಟಿಲ್ಡ್ ನೀರು ಹಾಕುವ ಬಗೆಯದಾದರೆ ಪ್ಲೇಟುಗಳು ಮುಳುಗಿವೆಯೇ ನೋಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ತಗುಲಿದರೆ ಸಿಡಿಯುತ್ತದೆ. ಆದ್ದರಿಂದ ಗಾಳಿಯಾಡುವ ಜಾಗವೇ ಬೇಕು. ಚಾರ್ಜ್ ಮುಗಿದ ಮೇಲೆ ಅರ್ಧ ದಿನ ಸುಮ್ಮನೆ ಇಟ್ಟು ಮತ್ತೆ ಅಳೆಯಿರಿ. ಇಳಿದುಬಿಟ್ಟಿದ್ದರೆ ಹೊಸದು ತನ್ನಿ. ಹೊಸದನ್ನು ಈಗಲೇ ಕಾರಿಗೆ ಹಾಕಬೇಡಿ. ಪೆಟ್ರೋಲ್ ಕೆಲಸ ಬಾಕಿ ಇದೆ.

ಹಂತ 3: ಹಳೆಯ ಇಂಧನ

ಪೆಟ್ರೋಲ್ ಹಳಸುತ್ತದೆ. ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತದೆ. ಮೂರರಿಂದ ಆರು ತಿಂಗಳಲ್ಲೇ ಇದು ಶುರುವಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲಿನದು ಇನ್ನೊಂದು ತಕರಾರು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ನೀರಿನಂಶ ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಇಂಧನ ಎಳೆದುಕೊಳ್ಳುವುದೂ ತಳದಿಂದಲೇ. ಅಂದರೆ ಎಂಜಿನ್ನಿಗೆ ಮೊದಲು ಹೋಗುವುದು ಟ್ಯಾಂಕಿನಲ್ಲಿರುವ ಅತಿ ಕೆಟ್ಟ ಭಾಗ.

ಗುರುತಿಸುವುದು ಸುಲಭ. ಕೈ ಪಂಪಿನಿಂದ ಸ್ವಲ್ಪ ತೆಗೆದು ಪಾರದರ್ಶಕ ಗಾಜಿನ ಶೀಶೆಗೆ ಹಾಕಿ ಬೆಳಕಿಗೆ ಹಿಡಿಯಿರಿ. ಒಳ್ಳೆಯ ಪೆಟ್ರೋಲ್ ತಿಳಿಯಾಗಿರುತ್ತದೆ, ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳಸಿದ್ದು ಚಹಾದ ಬಣ್ಣಕ್ಕೆ ತಿರುಗಿ, ಹಳೆಯ ಬಣ್ಣದ ಡಬ್ಬಿ ತೆರೆದಂಥ ಹುಳಿ ವಾಸನೆ ಕೊಡುತ್ತದೆ. ಶೀಶೆಯನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ ಅದು ನೀರು. ಕಂದು ಪುಡಿ ಕೂತರೆ ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿದಿದೆ.

“ಮೇಲೆ ಹತ್ತು ಲೀಟರ್ ಹೊಸದು ಹಾಕಿದರೆ ಸರಿಹೋಗುತ್ತದೆ” ಎನ್ನುವ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದರೆ ಎರಡೂ ಹಾಳು. ಎಲ್ಲ ಖಾಲಿ ಮಾಡಿ. ಬಾಯಿಂದ ಎಳೆಯುವ ದುಸ್ಸಾಹಸ ಬೇಡವೇ ಬೇಡ. ಪೆಟ್ರೋಲ್ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಈ ಕೆಲಸ ಬಯಲಿನಲ್ಲಿ ನಡೆಯಲಿ, ಬ್ಯಾಟರಿ ಕಾರಿನಿಂದ ಹೊರಗಿರಲಿ, ಇಂಧನಕ್ಕೆಂದೇ ಮಾಡಿದ ಕ್ಯಾನು ನೆಲದ ಮೇಲಿರಲಿ. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಆಮೇಲಿನ ದಾರಿ ಎರಡಾಗಿ ಕವಲೊಡೆಯುತ್ತದೆ. ನಿಮ್ಮದು ಕಾರ್ಬ್ಯುರೇಟರ್ ಕಾರಾದರೆ, ಅಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಯಾಂತ್ರಿಕವಾಗಿ ಬೆರೆಸುವ ಹಳೆಯ ವ್ಯವಸ್ಥೆ ಇದ್ದರೆ, ಅದರ ಬಟ್ಟಲನ್ನು ಬಿಚ್ಚಿ ನೋಡಿ. ಒಣಗಿದ ಪೆಟ್ರೋಲ್ ಅಲ್ಲಿ ಜೇನಿನ ಬಣ್ಣದ ಪೊರೆಯಾಗಿ ಕೂತಿರುತ್ತದೆ. ಸೂಜಿ ಮೊನೆಯಷ್ಟು ಸಣ್ಣ ಜೆಟ್ ರಂಧ್ರಗಳು ಮುಚ್ಚಿರುತ್ತವೆ. ಕ್ಲೀನರ್ ಸ್ಪ್ರೇ, ಗಾಳಿ ಇಷ್ಟರಲ್ಲೇ ಶುಚಿ ಮಾಡಿ. ಉಕ್ಕಿನ ತಂತಿ ತೂರಿಸಿದರೆ ರಂಧ್ರ ಅಗಲವಾಗಿ ಕಾರು ಮುಂದೆಂದೂ ಸರಿಯಾಗಿ ಮೈಲೇಜ್ ಕೊಡುವುದಿಲ್ಲ. ಇಂಜೆಕ್ಷನ್ ಕಾರಾದರೆ ಪಂಪು ಬಹುಮಟ್ಟಿಗೆ ಟ್ಯಾಂಕಿನ ಒಳಗೇ ಮುಳುಗಿರುತ್ತದೆ, ಹಳಸಿದ ಇಂಧನದಲ್ಲಿ ಅದೇ ಮೊದಲು ಜಾಮ್ ಆಗುವುದು. ಈ ಕಾರುಗಳ ಇಂಧನ ಪೈಪು ಒತ್ತಡದಲ್ಲಿರಬಹುದು, ಬಿಚ್ಚುವ ಮುನ್ನ ಮ್ಯಾನುಯಲ್ ಹೇಳಿದಂತೆ ಒತ್ತಡ ಇಳಿಸಿ. ಎರಡರಲ್ಲೂ ಫ್ಯೂಯೆಲ್ ಫಿಲ್ಟರ್ ಹೊಸದು, ರಬ್ಬರ್ ಪೈಪು ಹೊಸದು. ಪೈಪನ್ನು ಮಡಚಿದಾಗ ಬಿರುಕು ಕಂಡರೆ ಯೋಚಿಸುವುದಕ್ಕೇನೂ ಇಲ್ಲ. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲಿನಿಂದ ಕಾರುಗಳು ಸುಟ್ಟುಹೋಗುತ್ತವೆ.

ಡೀಸೆಲ್ ಪೆಟ್ರೋಲಿನಷ್ಟು ಬೇಗ ಹಳಸುವುದಿಲ್ಲ. ಆದರೆ ತಳದ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಅಂಥ ಟ್ಯಾಂಕನ್ನು ಇಳಿಸಿ ತೊಳೆಯಲೇಬೇಕು. ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಪ್ರೈಮಿಂಗ್ ಪಂಪಿನಿಂದ, ಅಂದರೆ ಕೈಯಿಂದ ಒತ್ತುವ ಪುಟ್ಟ ಪಂಪಿನಿಂದ ಹೊರಹಾಕಿ.

ಹಂತ 4: ಎಂಜಿನ್ನನ್ನು ಕೈಯಿಂದ ತಿರುಗಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಸೆಲ್ಫ್ ಮೋಟಾರಿಗೆ, ಎಂದರೆ ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಮೋಟಾರಿಗೆ, ತನ್ನ ಎದುರಿನ ಅಡ್ಡಿ ಎಂಥದ್ದೆಂದು ಗೊತ್ತಾಗುವುದಿಲ್ಲ. ಬಲ ಹಾಕಿ ಮುರಿದುಬಿಡುತ್ತದೆ. ನಿಮ್ಮ ಕೈಗೆ ಗೊತ್ತಾಗುತ್ತದೆ. ಅದಕ್ಕೇ ಮೊದಲ ಸುತ್ತು ಕೈಯಲ್ಲಿ.

ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಹೊರಬಂದ ಕೂಡಲೇ ಅದು ಸಿಲಿಂಡರಿಗೆ ಬೀಳುತ್ತದೆ. ವೈರುಗಳಿಗೆ ಟೇಪ್ ಸುತ್ತಿ ಒಂದು, ಎರಡು ಎಂದು ನಂಬರ್ ಬರೆಯಿರಿ. ಪ್ಲಗ್ ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸಿ, ತುಕ್ಕಿನ ಸ್ಪ್ರೇ ಹೊಡೆದು, ಮತ್ತೆ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಪ್ಲಗ್ ಕೂತಿರುವ ಅಲ್ಯುಮಿನಿಯಂ ಹೆಡ್ಡಿನ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದ, ತಿರುಪಿನ ಎಳೆ ಮೆದು, ಬಲ ಹಾಕಿದರೆ ಪ್ಲಗ್ ಜೊತೆ ಅದೂ ಬರುತ್ತದೆ. ತೆಗೆದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಮೂರು ಒಣಗಿದ್ದು ಒಂದರ ತುದಿಯಲ್ಲಿ ಮಾತ್ರ ಕೆಂಪು ತುಕ್ಕಿದ್ದರೆ ಆ ಸಿಲಿಂಡರಿಗೆ ತೇವ ಇಳಿದಿದೆ. ಗಮನ ಅಲ್ಲಿರಲಿ.

ಪ್ರತಿ ಸಿಲಿಂಡರಿಗೆ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು, ತೆಳುವಾದ ಎಣ್ಣೆ ಬಿಡಿ. ರಂಧ್ರಕ್ಕೆ ಶುದ್ಧ ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡಿ. ಬಹಳ ವರ್ಷ ನಿಂತಿದ್ದರೆ ಎರಡು ಮೂರು ದಿನ ದಿನಾ ಸ್ವಲ್ಪ ಸ್ವಲ್ಪ ಬಿಡುತ್ತಾ ಕಾಯಿರಿ. ಪಿಸ್ಟನ್ ರಿಂಗುಗಳ ಸಂದಿಗೆ ಎಣ್ಣೆ ಇಳಿಯಬೇಕು. ಇದರಲ್ಲಿ ಬುದ್ಧಿವಂತಿಕೆಗೆ ಜಾಗವಿಲ್ಲ, ತಾಳ್ಮೆಗೆ ಮಾತ್ರ.

ಈಗ ಗೇರ್ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ನಿನ ಕೆಳತುದಿಯಲ್ಲಿ ಬೆಲ್ಟ್ ಸುತ್ತುವ ದೊಡ್ಡ ಪುಲಿಯ ನಡುವೆ ಒಂದು ಬೋಲ್ಟ್ ಇರುತ್ತದೆ. ಅದಕ್ಕೆ ಸಾಕೆಟ್ ಹಾಕಿ, ಉದ್ದ ಹಿಡಿಯಿಂದ ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ಮೆಲ್ಲಗೆ ಒತ್ತಿ. ಹೆಚ್ಚಿನವು ಗಡಿಯಾರದ ದಿಕ್ಕಿಗೆ ತಿರುಗುತ್ತವೆ. ಅಪವಾದಗಳಿವೆ, ಮ್ಯಾನುಯಲ್ ನೋಡಿ. ಮೊದಲು ಏನೂ ಆಗದು. ಆಮೇಲೆ ಗಟ್ಟಿ ಜೇಡಿಮಣ್ಣಿನಲ್ಲಿ ಸೌಟು ತಿರುಗಿಸಿದಂಥ ಭಾರ ಕೈಗೆ ಬರುತ್ತದೆ, ಪ್ಲಗ್ ರಂಧ್ರದಿಂದ ಉಸ್ಸೆಂದು ಗಾಳಿ ಹೊರಡುತ್ತದೆ, ಎಣ್ಣೆ ಗುಳುಗುಳು ಎನ್ನುತ್ತದೆ. ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡೇ ಯಾಕೆಂದರೆ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ವಾಲ್ವ್ ಒಮ್ಮೆ ತೆರೆದು ಮುಚ್ಚಬೇಕಾದರೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಎರಡು ಸುತ್ತು ಬರಬೇಕು.

ಭಾರವಾಗಿದ್ದರೂ ತಿರುಗುತ್ತಿದ್ದರೆ ಚಿಂತೆಯಿಲ್ಲ. ಹಗುರವಾಗಿ ತಿರುಗುತ್ತಾ ಪ್ರತಿ ಸಲ ಒಂದೇ ಜಾಗದಲ್ಲಿ ಟಕ್ ಎಂದು ನಿಂತರೆ ಅಲ್ಲೇ ನಿಲ್ಲಿಸಿ. ತೆರೆದೇ ಅಂಟಿಕೊಂಡ ವಾಲ್ವ್‌ಗೆ ಪಿಸ್ಟನ್ ತಗುಲುತ್ತಿರಬಹುದು, ಇಲ್ಲವೇ ಸಿಲಿಂಡರಿನಲ್ಲಿ ಏನೋ ಬಿದ್ದಿರಬಹುದು. ಪ್ಲಗ್ ರಂಧ್ರದಲ್ಲಿ ಇಳಿಸುವ ಪುಟ್ಟ ಕ್ಯಾಮೆರಾದಲ್ಲಿ ನೋಡಿ, ಅಥವಾ ಬಲ್ಲ ಮೆಕ್ಯಾನಿಕ್ ಅನ್ನು ಕರೆಯಿರಿ. ಒಂದಿಷ್ಟೂ ಅಲುಗದಿದ್ದರೆ ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಜೋತಾಡುವುದು, ಗೇರಿಗೆ ಹಾಕಿ ಇನ್ನೊಂದು ವಾಹನದಿಂದ ಎಳೆಸುವುದು, ಇವೆರಡೂ ನೋಡುವವರಿಗೆ ಸಾಹಸ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಮರಣದಂಡನೆ.

ಹಂತ 5: ಆಯಿಲ್, ಕೂಲೆಂಟ್, ಬೆಲ್ಟ್

ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಿದೆ ಎಂದು ಹಳೆಯ ಆಯಿಲ್ ಬಿಡಬೇಡಿ. ಅದರಲ್ಲಿ ತೇವ, ಆಮ್ಲ ಎರಡೂ ಸೇರಿರುತ್ತವೆ. ಕೆಳಗಿನ ಬೋಲ್ಟ್ ಸಡಿಲಿಸಿದಾಗ ಮೊದಲು ಏನು ಬರುತ್ತದೆ ನೋಡಿ. ನಾಲ್ಕು ಹನಿ ನೀರು ಬಂದರೆ ಅದು ತೇವ ಕೂಡಿದ್ದು. ಹಾಲು ಬೆರೆತ ಕಾಫಿಯಂತಿದ್ದರೆ ಕೂಲೆಂಟ್ ಆಯಿಲಿಗೆ ಸೇರಿರುವ ಸಾಧ್ಯತೆ ಹೆಚ್ಚು, ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು, ಪರೀಕ್ಷಿಸದೆ ಮುಂದುವರಿಯಬೇಡಿ. ಫಿಲ್ಟರ್ ಸಮೇತ ಬದಲಿಸಿ. ಈಗ ದುಬಾರಿ ಆಯಿಲ್ ಬೇಡ. ಸರಿಯಾದ ದರ್ಜೆಯ ಸಾಧಾರಣ ಆಯಿಲ್ ಸಾಕು, ಯಾಕೆಂದರೆ ಇದನ್ನು ಬೇಗನೆ ಮತ್ತೆ ಬದಲಿಸಲಿದ್ದೇವೆ.

ಕೂಲೆಂಟ್ ಪೂರ್ತಿ ಇಳಿಸಿ, ನೀರಿನಿಂದ ತೊಳೆದು, ಹೊಸದು ತುಂಬಿ. ಹಳೆಯದನ್ನು ಹಿಡಿದ ತಟ್ಟೆಯನ್ನು ತೆರೆದಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ಮಕ್ಕಳಿಗೂ ವಿಷವೇ. ರೇಡಿಯೇಟರ್ ಹೋಸುಗಳನ್ನು ಹಿಸುಕಿ ನೋಡಿ. ಬಿಸ್ಕತ್ತಿನಂತೆ ಕರಕರ ಎಂದರೂ, ಕೊಳೆತ ಹಣ್ಣಿನಂತೆ ಮೆತ್ತಗಾದರೂ ಬದಲಿಸಿ.

ಟೈಮಿಂಗ್ ಬೆಲ್ಟ್ ಬಗ್ಗೆ ಒಂದು ಮಾತು. ಇದು ಕ್ರ್ಯಾಂಕ್ ಮತ್ತು ವಾಲ್ವ್‌ಗಳ ತಾಳ ಕೂಡಿಸುವ ಹಲ್ಲಿನ ರಬ್ಬರ್ ಪಟ್ಟಿ. ಅನೇಕ ಎಂಜಿನ್‌ಗಳಲ್ಲಿ ಇದು ಹರಿದರೆ ಪಿಸ್ಟನ್ ವಾಲ್ವ್‌ಗಳಿಗೆ ಹೊಡೆದು ಎಲ್ಲ ಮುಗಿಯುತ್ತದೆ. ಓಡಿದ ಕಿಲೋಮೀಟರ್ ಕಡಿಮೆಯಿದ್ದರೂ ವಯಸ್ಸು ಬಿಡುವುದಿಲ್ಲ. ಕಾರು ಬಹುಕಾಲ ನಿಂತಿದ್ದು, ಬೆಲ್ಟ್ ಬದಲಿಸಿದ್ದಕ್ಕೆ ದಾಖಲೆ ಇಲ್ಲದಿದ್ದರೆ, ಎಂಜಿನ್ ಸ್ಟಾರ್ಟ್ ಮಾಡುವ ಮುನ್ನವೇ ಹೊಸದು ಹಾಕಿಸಿ. ಜೊತೆಗೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ. ಬೆಲ್ಟ್ ಬದಲು ಚೈನ್ ಇರುವ ಎಂಜಿನ್ ನಿಮ್ಮದಾದರೆ ಈ ತಲೆನೋವು ಇಲ್ಲ.

ಇಷ್ಟಾದ ಮೇಲೆ ಬ್ಯಾಟರಿ ಜೋಡಿಸಿ. ಪ್ಲಗ್‌ಗಳು ಇನ್ನೂ ಹೊರಗೇ ಇರಲಿ. ಇಂಧನ ಪಂಪಿನ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್ ಸಂಪರ್ಕ ಬಿಚ್ಚಿ, ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಹಾಸಿ. ಒಳಗಿನ ಎಣ್ಣೆ ಕಾರಂಜಿಯಂತೆ ಹಾರುತ್ತದೆ. ಈಗ ಸೆಲ್ಫ್ ಹೊಡೆಯಿರಿ: ಒಮ್ಮೆಗೆ ಹತ್ತು ಸೆಕೆಂಡ್ ಮೀರದಂತೆ, ನಡುವೆ ಒಂದು ನಿಮಿಷ ಬಿಡುವು ಕೊಟ್ಟು. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಇದನ್ನು ಮುಂದುವರಿಸಿ. ದೀಪ ಆರಿತೆಂದರೆ ಬೇರಿಂಗುಗಳಿಗೆ ಆಯಿಲ್ ತಲುಪಿದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಸಿಲಿಂಡರನ್ನು ಮುಂಚೆಯೇ ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆದು ಇದೇ ಕೆಲಸ ಮಾಡಬೇಕು. ಅವು ಮುರಿಯುವುದು ಬಹಳ ಸುಲಭ, ಅನುಭವಸ್ಥರ ಕೈಗೆ ಬಿಡುವುದು ಒಳ್ಳೆಯದು. ಡೀಸೆಲ್ ಸಿಲಿಂಡರಿನಲ್ಲಿ ಎಣ್ಣೆ ಉಳಿದರೆ ಅದೇ ಇಂಧನವಾಗಿ ಉರಿಯುತ್ತದೆ, ಆದ್ದರಿಂದ ಎಣ್ಣೆ ಪೂರ್ತಿ ಹೊರಬರಲಿ.

ಹಂತ 6: ಬ್ರೇಕ್, ಆಮೇಲೆ ಕ್ಲಚ್

ಓಡದ ಕಾರಿನಿಂದ ಯಾರಿಗೂ ಅಪಾಯವಿಲ್ಲ. ನಿಲ್ಲದ ಕಾರಿನಿಂದ ಇದೆ. ಎಂಜಿನ್ ಸದ್ದು ಕೇಳುವ ಆಸೆಯಲ್ಲಿ ಜನ ಹಾರಿಸಿಬಿಡುವ ಹಂತ ಇದೇ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜಕ್ಕೂ ಎಣ್ಣೆಯಲ್ಲ, ಗ್ಲೈಕಾಲ್ ಆಧಾರಿತ ದ್ರವ. ಗಾಳಿಯ ತೇವ ಹೀರುವುದು ಅದರ ಸ್ವಭಾವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಅದೇ ಮಾನದಂಡ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ತೇವ ಆವಿಯಾಗುತ್ತದೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಅದೇ ತೇವ ಪೈಪುಗಳನ್ನು ಒಳಗಿನಿಂದ ತುಕ್ಕು ಹಿಡಿಸಿರುತ್ತದೆ. ಆದ್ದರಿಂದ ಹಳೆಯ ದ್ರವ ಪೂರ್ತಿ ಹೊರಗೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಎಂದು ಏನು ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಬೇರೆ ಜಾತಿ, ಸಿಲಿಕೋನಿನದು, ಬೆರೆಸಬೇಡಿ. ಎಂಜಿನ್ ಆಯಿಲ್ ಅಪ್ಪಿತಪ್ಪಿ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಹೊಸ ದ್ರವ ತುಂಬಿ ಬ್ರೇಕ್ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವಾಗ ಒಂದು ಮುಖ್ಯ ಎಚ್ಚರಿಕೆ: ಪೆಡಲನ್ನು ನೆಲದವರೆಗೆ ತುಳಿಯಬೇಡಿ. ಇಷ್ಟು ವರ್ಷ ಮಾಸ್ಟರ್ ಸಿಲಿಂಡರಿನ, ಅಂದರೆ ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳತ್ತ ನೂಕುವ ಭಾಗದ, ಸೀಲು ಬಳಸಿದ್ದು ಮೇಲಿನ ಅರ್ಧ ದಾರಿಯನ್ನು ಮಾತ್ರ. ಆಚೆಯ ಅರ್ಧದಲ್ಲಿ ತುಕ್ಕು ಕೂತಿರುತ್ತದೆ. ಪೆಡಲ್ ಪೂರ್ತಿ ಇಳಿದರೆ ಸೀಲು ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಮರದ ತುಂಡು ಇಟ್ಟುಕೊಳ್ಳಿ, ಅಲ್ಲಿಗೇ ನಿಲ್ಲಲಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬರುತ್ತೇವೆ.

ಪ್ರತಿ ಚಕ್ರ ಬಿಚ್ಚಿ. ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಉಜ್ಜಿಹೋಗುತ್ತದೆ. ಉಗುರಿಗೆ ತಗುಲುವಷ್ಟು ಗುಳಿ ಬಿದ್ದಿದ್ದರೆ ಡಿಸ್ಕ್ ಬದಲಿಸಿ. ಡ್ರಮ್ ಒಳಗೆ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳವನ್ನು ಎತ್ತಿ ನೋಡಿ, ಒದ್ದೆಯಿದ್ದರೆ ಅದು ಸೋರುತ್ತಿದೆ. ಹಳೆಯ ಕಾರುಗಳ ಬ್ರೇಕ್ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಆ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮತ್ತೆ ಜೋಡಿಸಿದ ಮೇಲೆ ಒಬ್ಬರು ಪೆಡಲ್ ಒತ್ತಿ ಬಿಡಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಪೆಡಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ಒಂದೋ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅಂಟಿದೆ, ಇಲ್ಲವೇ ಬ್ರೇಕಿನ ರಬ್ಬರ್ ಪೈಪು ಒಳಗೇ ಊದಿಕೊಂಡು ದ್ರವವನ್ನು ಹಿಂದಕ್ಕೆ ಬಿಡುತ್ತಿಲ್ಲ. ಎರಡನೆಯದು ಹೊರಗಿನಿಂದ ಕಾಣುವುದೇ ಇಲ್ಲ.

ಹ್ಯಾಂಡ್‌ಬ್ರೇಕ್ ಹಾಕಿಯೇ ನಿಲ್ಲಿಸಿದ್ದ ಕಾರಾದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಎಂಜಿನ್ ಬಲದಿಂದ ಎಳೆದು ಬಿಡಿಸಿದರೆ ಲೈನಿಂಗ್ ಕಿತ್ತು ಬರಬಹುದು. ಚಕ್ರ ತೆಗೆದು, ಡ್ರಮ್ಮಿನ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ.

ಕ್ಲಚ್ ಪ್ಲೇಟಿನದೂ ಇದೇ ಕಥೆ. ಪೆಡಲ್ ಒತ್ತಿದರೂ ಗೇರ್ ಬೀಳದೆ ಕಿರ್ರೆಂದರೆ ಪ್ಲೇಟು ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಅಂಟಿದೆ ಎಂದರ್ಥ. ಕ್ಲಚ್ ಪೆಡಲನ್ನು ಮರದ ಕೋಲಿನಿಂದ ಒತ್ತಿಹಿಡಿದು ಒಂದೆರಡು ದಿನ ಬಿಡಿ. ಬಹಳಷ್ಟು ಸಲ ತಾನಾಗಿ ಬಿಡುತ್ತದೆ.

ಹಂತ 7: ಟೈರ್

ಟೈರಿನ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2314 ಅಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ ಟೈರಿನ ಗುಂಡಿ ಎಷ್ಟೇ ಆಳವಿದ್ದರೂ ಬದಲಿಸಿ, ಸ್ಟೆಪ್ನಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕಿಂತ ಎಳೆಯದಾದರೆ ಗೋಡೆಯ ಬಿರುಕು ನೋಡಿ.

ಹಂತ 8: ಈಗ ಕೀಲಿ

ಕಾರು ಬಯಲಿಗೆ ಬರಲಿ. ಮುಚ್ಚಿದ ಶೆಡ್ಡಿನಲ್ಲಿ ಓಡುವ ಎಂಜಿನ್ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಕಾಲು ಏಳುವುದಿಲ್ಲ. ಪ್ಲಗ್‌ಗಳನ್ನು ಹಾಕಿ, ಫ್ಯೂಸ್, ಕಾಯಿಲ್ ಜೋಡಿಸಿ, ಏರ್ ಫಿಲ್ಟರ್ ಹೊಸದು ಇಟ್ಟು, ಐದು ಲೀಟರ್ ತಾಜಾ ಪೆಟ್ರೋಲ್ ಹಾಕಿ. ಅಗ್ನಿಶಾಮಕ ಹಿಡಿದ ಇನ್ನೊಬ್ಬರು ಎಂಜಿನ್ ಬಳಿ ನಿಲ್ಲಲಿ. ಇಂಜೆಕ್ಷನ್ ಕಾರಾದರೆ ಕೀಲಿಯನ್ನು ಸ್ಟಾರ್ಟ್‌ಗೆ ಮುಂಚಿನ ‘ಆನ್’ ಸ್ಥಾನಕ್ಕೆ ತಿರುಗಿಸಿದಾಗ ಹಿಂಬದಿಯಿಂದ ಒಂದೆರಡು ಸೆಕೆಂಡ್ ಗುಂಯ್ ಎಂಬ ಸದ್ದು ಕೇಳಬೇಕು, ಅದು ಪಂಪು. ಎರಡು ಮೂರು ಸಲ ಹಾಗೆ ಮಾಡಿ, ಪೈಪುಗಳಲ್ಲಿ ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ತುಳಿಯುವ ಚಪಲ ಹುಟ್ಟುತ್ತದೆ. ಕಾಲನ್ನು ನೆಲದ ಮೇಲಿಡಿ. ಕಣ್ಣು ಆಯಿಲ್ ದೀಪದ ಮೇಲಿರಲಿ, ಐದು ಸೆಕೆಂಡಿನಲ್ಲಿ ಆರದಿದ್ದರೆ ಆಫ್ ಮಾಡಿ. ಮೊದಲ ಹತ್ತು ನಿಮಿಷ ಹೊಗೆ ಬರುವುದು ಸಹಜ, ಸಿಲಿಂಡರಿಗೆ ಬಿಟ್ಟ ಎಣ್ಣೆ ಉರಿಯುತ್ತಿದೆ. ಆಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಕಪ್ಪಾದರೆ ಇಂಧನ ಹೆಚ್ಚಾಗಿದೆ. ಬ್ಯಾಟರಿ ತುದಿಗಳಲ್ಲಿ ಈಗ 13.8ರಿಂದ 14.4 ವೋಲ್ಟ್ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದುಕಿದೆ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ, ತಾಪದ ಮುಳ್ಳಿನ ಮೇಲೆ ಗಮನವಿರಲಿ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಹಂತ 9: ರಸ್ತೆಗೆ

ಮೊದಲು ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಬ್ರೇಕ್ ಹಾಕಿ ನೋಡಿ. ಪೆಡಲ್ ಗಟ್ಟಿಯಾಗಿ, ಮೇಲೆಯೇ ನಿಲ್ಲಬೇಕು. ಕಾರು ಯಾವ ಬದಿಗೂ ಎಳೆಯಬಾರದು. ಆಮೇಲೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಸವೆದಿದೆ. 50ರಿಂದ 100 ಕಿಲೋಮೀಟರಿನ ನಡುವೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಒಳ್ಳೆಯ ಆಯಿಲ್ ಹಾಕುವ ಸಮಯ ಇದು. ಟ್ಯಾಂಕಿನ ಉಳಿದ ಕಸವೆಲ್ಲ ಅಷ್ಟರಲ್ಲಿ ಫ್ಯೂಯೆಲ್ ಫಿಲ್ಟರಿಗೆ ಬಂದಿರುತ್ತದೆ, ಅದನ್ನೂ ಬದಲಿಸಿ. ಮೊದಲ ತಿಂಗಳು ದೂರ ಪ್ರಯಾಣ ಬೇಡ. ಹೊಸ ಸೀಲು ಸೋರುವುದು, ಹಳೆಯ ವಾಟರ್ ಪಂಪು ಒಸರುವುದು ಎಲ್ಲ ಈ ಅವಧಿಯಲ್ಲೇ.

ಮತ್ತೆ ನಿಲ್ಲಿಸಬೇಕಾಗಿ ಬಂದರೆ? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಉಪಕಾರಕ್ಕಿಂತ ಅಪಕಾರ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರು ಉಳಿಯುತ್ತದೆ, ಬ್ಯಾಟರಿ ಕೊಟ್ಟದ್ದು ವಾಪಸ್ ಬರುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಲು ಆದರೆ ಓಡಿಸಿ. ಆಗದಿದ್ದರೆ ಆಯಿಲ್ ಬದಲಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ನಿಲ್ಲಿಸಿ. ಇಲಿ ಬರದಂತೆ ಸೈಲೆನ್ಸರಿಗೂ ಗಾಳಿ ಎಳೆಯುವ ಕೊಳವೆಗೂ ಬಟ್ಟೆ ತುರುಕಿ. ಹಾಗೆ ತುರುಕಿದ್ದನ್ನು ಒಂದು ಚೀಟಿಯಲ್ಲಿ ದಿನಾಂಕ ಸಮೇತ ಬರೆದು ಸ್ಟೀರಿಂಗಿಗೆ ಕಟ್ಟಿ. ಮುಂದಿನ ಸಲ ಬಾಗಿಲು ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.